ಉಪ್ಪು ಹಾಕುವ ಮೊದಲು

ವಿಜಯವಾಡದ ಬೆಂಜ್ ಸರ್ಕಲ್ ಹಿಂದಿನ ಬಾಡಿಗೆ ಮನೆಯಲ್ಲಿ ಒಂದು ಬೀರುವನ್ನು ಖಾಲಿ ಇಟ್ಟಿದ್ದೆ. ಅದು ಹೆಂಡತಿಯ ಸೀರೆಗಳಿಗೆ. ಅವಳಿದ್ದದ್ದು ವಿಶಾಖಪಟ್ಟಣದಲ್ಲಿ, ಋಷಿಕೊಂಡದ ಬಳಿಯ ಒಂದು ಪ್ರಯೋಗಾಲಯದ ಕೆಲಸದಲ್ಲಿ. ಶನಿವಾರ ನಾನು ರೈಲು ಹತ್ತುತ್ತಿದ್ದೆ, ಭಾನುವಾರ ಸಂಜೆ ಮರಳುತ್ತಿದ್ದೆ.

ಸೀಗಡಿ ಚಿಪ್ಪನ್ನು ಕರಗಿಸುವ ಕಿಣ್ವವೊಂದು ಸೆಕೆಗೆ ವಾರದೊಳಗೆ ಕೆಡುತ್ತಿತ್ತು. ಸಕ್ಕರೆಯ ಜೊತೆ ಉಪ್ಪು ಬೆರೆಸಿ ಅವಳು ಅದನ್ನು ತಿಂಗಳುಗಟ್ಟಲೆ ಉಳಿಸಿದಳು. ಪೇಟೆಂಟ್ ಕಚೇರಿ ಆಕ್ಷೇಪಿಸಿತು: ಎರಡೂ ಹಳೆಯ ಪದಾರ್ಥ, ಬೆರೆಸುವುದು ಈ ವಿದ್ಯೆ ಬಲ್ಲ ಯಾರಿಗಾದರೂ ಹೊಳೆಯುವಂಥದ್ದು, ಅಂಥದ್ದಕ್ಕೆ ಪೇಟೆಂಟ್ ಇಲ್ಲ. ಪೇಟೆಂಟ್ ತಪ್ಪಿದರೆ ಯೋಜನೆ ಮುಚ್ಚುತ್ತಿತ್ತು, ಅವಳು ವಿಜಯವಾಡಕ್ಕೆ ಬರುತ್ತಿದ್ದಳು. ಸಿಕ್ಕರೆ ಇನ್ನೂ ಮೂರು ವರ್ಷ ಅಲ್ಲೇ.

ಒಂದು ಭಾನುವಾರ ಕಡತವನ್ನು ನನ್ನ ಮುಂದಿಟ್ಟಳು. "ನಿಮಗೂ ಹಂಗ ಅನಸಿದ್ರ ಹೇಳ್ರಿ. ಉತ್ತರ ಬರಿಯೂದ ಬಿಡ್ತೀನಿ."

ಓದಿ, "ಹೌದಲ್ಲ, ಹೊಳೆಯುವಂಥದ್ದೇ" ಎಂದೆ. ಹೇಳುವಾಗ ವಿಜಯವಾಡದ ಆ ಖಾಲಿ ಬೀರು ಕಣ್ಣ ಮುಂದೆ ಬಂದಿತ್ತು.

"ಕಡೀ ಪುಟ ಮೊದಲ ಓದಿದ್ರೇನು?"

ಓದಿದ್ದೆ. ಸುದ್ದಿಮನೆಯ ವರ್ಷಗಳು ಕಲಿಸಿದ ಚಾಳಿ: ಫಲಿತಾಂಶ ಮೊದಲು, ಉಳಿದದ್ದು ಜಾಗವಿದ್ದರೆ.

"ಪೇಪರಿನವ್ರ ಚಟ, ಸಾಯೂತನಕ ಹೋಗಂಗಿಲ್ಲ" ಎಂದು ನಕ್ಕು, ಆ ಪುಟ ಕಿತ್ತುಕೊಂಡಳು. ಅವಳು ಕೆಲಸ ಶುರುಮಾಡಿದ ದಿನ ಜಗತ್ತಿಗೆ ಗೊತ್ತಿದ್ದ ಎರಡು ಹಳೆಯ ಲೇಖನಗಳನ್ನಷ್ಟೇ ಕೊಟ್ಟಳು. ಒಂದು ಸಕ್ಕರೆಯನ್ನು ಹೊಗಳಿತ್ತು. ಇನ್ನೊಂದು, ಉಪ್ಪು ಈ ಜಾತಿಯ ಕಿಣ್ವವನ್ನು ಕೊಲ್ಲುತ್ತದೆ ಎಂದಿತ್ತು.

"ಈಗ ಹೇಳ್ರಿ, ಮುಂದ ಏನ್ ಮಾಡ್ತೀರಿ?"

"ಉಪ್ಪನ್ನಂತೂ ಮುಟ್ಟೋದಿಲ್ಲ."

"ನಾನೂ ಏಳು ತಿಂಗಳ ಮುಟ್ಟಲಿಲ್ಲ. ಎಲ್ಲಾ ಕೆಟ್ಟ ಮ್ಯಾಲೆ, ಬ್ಯಾಸರಕ್ಕ ಹಾಕಿದೆ."

ಅವಳ ಪ್ರಯೋಗದ ದಿನಚರಿ ತೆರೆದೆ. ಪ್ರತಿ ಸೋಲಿನ ಕೆಳಗೂ ತಾರೀಕು, ಅವಳ ಸಹಿ, ಸಾಕ್ಷಿಯಾಗಿ ಸಹೋದ್ಯೋಗಿಯ ಸಹಿ. ಕೆಲವು ತಾರೀಕು ನನಗೂ ನೆನಪಿದ್ದವು. "ಈ ವಾರ ಬರಬ್ಯಾಡ್ರಿ, ಕೆಲಸ ಅದ" ಎಂದು ಅವಳು ಫೋನ್ ಮಾಡಿದ್ದ, ನಾನು ಮುನಿಸಿಕೊಂಡು ವಿಜಯವಾಡದಲ್ಲೇ ಉಳಿದಿದ್ದ ಭಾನುವಾರಗಳವು.

"ಹೊಳೆಯುವಂಥದ್ದಲ್ಲ" ಎಂದೆ.

"ಖರೇನ?"

"ಖರೆ. ಈ ಸೋಲುಗಳನ್ನೂ, ಉಪ್ಪು ಕೊಲ್ಲುತ್ತದೆ ಅನ್ನೋ ಆ ಸಾಲನ್ನೂ ಉತ್ತರದಲ್ಲಿ ಹಾಕು."

ಅವಳು ಲ್ಯಾಪ್‌ಟಾಪ್ ತೆರೆದಳು. ಆ ಸಂಜೆ ಸ್ಟೇಷನ್ನಿಗೆ ನಾನೊಬ್ಬನೇ ಹೋದೆ; ಅವಳು ಬರೆಯುತ್ತಿದ್ದಳು.

ಪೇಟೆಂಟ್ ಬಂತು. ಶನಿವಾರದ ರೈಲು ಈಗಲೂ ಹತ್ತುತ್ತೇನೆ. ಬೀರುವಿನಲ್ಲಿ, ಒಮ್ಮೆ ಬಂದಾಗ ಅವಳು ಮರೆತುಹೋದ ಒಂದು ಶಾಲು ಇದೆ. ಉಳಿದ ಜಾಗದಲ್ಲಿ ನನ್ನದೇನನ್ನೂ ಇಟ್ಟಿಲ್ಲ.