ಬಾರದ ಯಂತ್ರಗಳಿಗೆ ಹಾಕಿದ ಸಹಿ

ಸಂತೇಬೆನ್ನೂರಿನ ಹೊರಗೆ ಮೆಕ್ಕೆಜೋಳ ಒಣಗಿಸಿಕೊಡುವ ಕಂಪನಿಯೊಂದಿತ್ತು. ಅದರಲ್ಲಿ ನೂರಕ್ಕೆ ಐವತ್ತೆರಡು ಪಾಲು ಸರ್ಕಾರದ್ದು, ಉಳಿದದ್ದು ಖಾಸಗಿಯವರದು. ಗೌಸ್‌ಪೀರ್ ಅಲ್ಲಿ ಹತ್ತೊಂಬತ್ತು ವರ್ಷ ಡ್ರೈಯರ್ ನಡೆಸಿದವನು. ಸದ್ದು ಕೇಳಿಯೇ ಯಾವ ಬೇರಿಂಗ್ ಸವೆದಿದೆ ಎಂದು ಹೇಳುತ್ತಿದ್ದ.

ಕಾಗದದಲ್ಲಿ ಡ್ರೈಯರ್ ಮೂರು. ನಿಜಕ್ಕೂ ಇದ್ದದ್ದು ಒಂದೇ. ಉಳಿದೆರಡರ ಜಾಗದಲ್ಲಿ ಬರೀ ಸಿಮೆಂಟಿನ ಕಟ್ಟೆ. ಆದರೂ ದಿನದ ಪುಸ್ತಕದಲ್ಲಿ ಮೂರೂ ಓಡುತ್ತಿದ್ದವು, ಕೆಳಗೆ ಗೌಸ್‌ಪೀರನ ಸಹಿ. ಮೊದಲ ಸಲ ಅವನು ಹಿಂಜರಿದಾಗ ಮ್ಯಾನೇಜರ್ ನಾಗೇಂದ್ರಪ್ಪ, "ಮುಂದಿನ ತಿಂಗ್ಳು ಬರ್ತಾವೆ, ಹಾಕಪ್ಪ," ಎಂದಿದ್ದರು. ಹಾಗೆಯೇ ನಾಲ್ಕು ವರ್ಷ ಕಳೆಯಿತು.

ಒಂದು ವರ್ಷ ಕೊಯ್ಲಿನ ಹೊತ್ತಿಗೇ ಮಳೆ ಹಿಡಿಯಿತು. ಹಸಿ ಜೋಳದ ಟ್ರ್ಯಾಕ್ಟರ್‌ಗಳು ರಸ್ತೆಯುದ್ದಕ್ಕೂ ನಿಂತವು. ಬೊಮ್ಮಕ್ಕ ಎಂಬ ರೈತ ಹೆಂಗಸಿನ ಸರದಿ ಬಂದದ್ದು ಆರನೆಯ ದಿನ. ಅಷ್ಟರಲ್ಲಿ ಟಾರ್ಪಾಲಿನಡಿ ಜೋಳ ಬೂಷ್ಟು ಹಿಡಿದು, ತಳದ ಕಾಳು ಮೊಳಕೆಯೊಡೆದಿತ್ತು. ಆಕೆ ಜಗಳವಾಡಲಿಲ್ಲ.

"ಮೂರು ಮಿಷನ್ ಐತೆ ಅಂತ ಬೋರ್ಡಿನಾಗೆ ಬರ್ದೀರಲ್ಲಪ್ಪ," ಎಂದಷ್ಟೇ ಹೇಳಿ ಗಾಡಿ ತಿರುಗಿಸಿದಳು. ಅಂದು ಸಂಜೆಯೂ ಗೌಸ್‌ಪೀರ್ ಪುಸ್ತಕದಲ್ಲಿ ಮೂರೂ ಓಡಿದವೆಂದು ಸಹಿ ಹಾಕಿದ.

ಮುಂದಿನ ಮಾರ್ಚ್‌ನಲ್ಲಿ ಸರ್ಕಾರದ ಆಡಿಟ್ ಬಂತು. ನಾಗೇಂದ್ರಪ್ಪ ಗೌಸ್‌ಪೀರನಿಗೆ ಮೊದಲೇ ಹೇಳಿಕೊಟ್ಟಿದ್ದರು: "ಎರಡು ರಿಪೇರಿಗೆ ಹೋಗ್ಯಾವೆ ಅನ್ನು, ಸಾಕು." ಅಧಿಕಾರಿ ಉಷಾರಾಣಿ ಕಟ್ಟೆಯನ್ನು ಬಗ್ಗಿ ನೋಡಿದರು. ಬೋಲ್ಟಿನ ತೂತು ಕೂಡ ಇರಲಿಲ್ಲ.

"ಇಲ್ಲಿದ್ದ ಯಂತ್ರ ಎಲ್ಲಿ?"

"ಬಂದೇ ಇಲ್ಲ ಮೇಡಂ."

"ಹಾಗಾದರೆ ಪುಸ್ತಕದಲ್ಲಿ ಈ ಸಹಿ ಯಾರದು?"

"ನಂದೇ. ಮ್ಯಾನೇಜರ್ ಸಾಹೇಬ್ರು ಹಾಕು ಅಂದ್ರು, ಹಾಕ್ದೆ."

"ಅದನ್ನ ಬರೆದು ಕೊಡ್ತೀರಾ?"

ನಾಗೇಂದ್ರಪ್ಪ ನಾಲ್ಕು ಹೆಜ್ಜೆ ದೂರದಲ್ಲೇ ನಿಂತಿದ್ದರು. ಗೌಸ್‌ಪೀರ್ ಬರೆದು ಕೊಟ್ಟ.

ಮೂರು ವಾರದಲ್ಲಿ ಕಂಪನಿ ತನ್ನದೇ ವಿಚಾರಣೆ ಮಾಡಿತು. ಸುಳ್ಳು ದಾಖಲೆಯಲ್ಲಿ ಇದ್ದದ್ದು ಒಬ್ಬನದೇ ಸಹಿ. ಬರೆಸಿದವರು ಯಾರೆಂಬುದಕ್ಕೆ ಅವನ ಮಾತು ಬಿಟ್ಟರೆ ಬೇರೆ ಸಾಕ್ಷಿಯಿರಲಿಲ್ಲ. ನಾಗೇಂದ್ರಪ್ಪನವರಿಗೆ ಹೊನ್ನಾಳಿಗೆ ವರ್ಗವಾಯಿತು. ಗೌಸ್‌ಪೀರನನ್ನು ಕೆಲಸದಿಂದ ತೆಗೆದರು. ಅವನು ತ್ಯಾವಣಿಗೆಯಲ್ಲಿ ಮುಜೀಬ್ ಎಂಬವರ ಅಂಗಡಿಯಲ್ಲಿ ಪಂಪ್‌ಸೆಟ್ ಮೋಟರುಗಳಿಗೆ ತಂತಿ ಸುತ್ತುವ ಕೆಲಸಕ್ಕೆ ಸೇರಿದ.

ಎರಡು ವರ್ಷದ ಮೇಲೆ ಆಡಿಟ್ ವರದಿ ವಿಧಾನಸಭೆಗೆ ಹೋಯಿತು. ಮಗಳು ಅನೀಸಾ ಮೊಬೈಲಿನಲ್ಲಿ ಹುಡುಕಿ ಓದಿದಳು. ಯಂತ್ರಗಳ ಬಗ್ಗೆ ಇದ್ದದ್ದು ಆರು ಸಾಲು. ಕೊನೆಯಲ್ಲಿ, ಕಂಪನಿಯ ಉತ್ತರ ಇನ್ನೂ ಬಂದಿಲ್ಲ ಎಂದಿತ್ತು.

"ಮಿಷನ್ ಬಂದೇ ಇಲ್ಲ ಅಂತ ಹೇಳಿದೋರು ಯಾರು ಅಂತ ಐತೇನವ್ವ?"

"ಇಲ್ಲ ಅಬ್ಬಾ. ಯಾರ ಹೆಸರೂ ಇಲ್ಲ."

ಅಷ್ಟರಲ್ಲಿ ಖಾಸಗಿಯವರು ಇನ್ನಷ್ಟು ಷೇರು ಕೊಂಡಿದ್ದರು. ಸರ್ಕಾರದ ಪಾಲು ನಲವತ್ತಕ್ಕೆ ಇಳಿದಿತ್ತು. ಐವತ್ತೊಂದಕ್ಕಿಂತ ಕಡಿಮೆಯಾದರೆ ಅದು ಸರ್ಕಾರಿ ಕಂಪನಿಯಲ್ಲ; ಹಾಗಾಗಿ ಆಮೇಲೆ ಸರ್ಕಾರದ ಆಡಿಟ್‌ನವರು ಆ ಗೇಟಿನೊಳಗೆ ಬರಲಿಲ್ಲ.

ಹೆಂಡತಿ ದಿಲ್‌ಶಾದ್ ಬೇಗಂ ಒಮ್ಮೆ ಮಾತ್ರ ಕೇಳಿದಳು: "ರಿಪೇರಿಗೆ ಹೋಗ್ಯಾವೆ ಅಂದಿದ್ರೆ ಏನಾಗ್ತಿತ್ತು?"

"ಏನೂ ಆಗ್ತಿರ್ಲಿಲ್ಲ," ಎಂದ ಗೌಸ್‌ಪೀರ್. "ಮೂರಕ್ಕೂ ಇನ್ನೂ ಸಹಿ ಹಾಕ್ತಾ ಇರ್ತಿದ್ದೆ."