ಸಿರಸಂಗಿಯಿಂದ ನೀರಿನ ದಂಡೆಯವರೆಗೆ

ಗೆಳೆಯ ತೀರಿಕೊಂಡ ಮೇಲೆ ನಾನು ಹನ್ನೆರಡು ದಿನ ದಾಡಿ ಮಾಡಿಕೊಳ್ಳಲಿಲ್ಲ. ಹಾಗೆ ಬಿಡಬೇಕೆಂದು ಯಾರೂ ಹೇಳಿರಲಿಲ್ಲ. ಅವನು ಮುಸಲ್ಮಾನರವನು, ನಾನು ಲಿಂಗಾಯತರವನು. ಮೂರನೆಯ ದಿನ, ನಲವತ್ತನೆಯ ದಿನ ಮಾಡಬೇಕಾದದ್ದನ್ನೆಲ್ಲ ಅವರ ಮನೆಯವರು ಮಾಡಿದರು. ಅಲ್ಲಿ ಹೋಗಿ ಕುಳಿತರೆ ನಾನು ಬಂದ ಮಂದಿಯಲ್ಲಿ ಒಬ್ಬ. ನಮ್ಮ ಮನೆಯಲ್ಲಂತೂ ಯಾರೂ ಸತ್ತಿರಲಿಲ್ಲ. ಬೈಲಹೊಂಗಲದಲ್ಲಿ ಹತ್ತಿ ಬಿಡಿಸುವ ಒಂದು ಜಿನ್ನಿನಲ್ಲಿ ನಾನು ತೂಕ ನೋಡುವ ಕೆಲಸಕ್ಕಿದ್ದೆ. ಅಲ್ಲಿಯ ಮಾಲಕರು ಒಂದು ದಿನ ನನ್ನ ಮುಖ ನೋಡಿ ಕೇಳಿದರು.

"ಯಾಕಪಾ, ಮನ್ಯಾಗ ಯಾರರ ಹ್ವಾದ್ರೇನು?"

"ಇಲ್ರಿ. ಗೆಳ್ಯಾ."

"ಗೆಳ್ಯಾ ಹ್ವಾದ್ರ ಯಾರ ದಾಡಿ ಬಿಡ್ತಾರೋ?"

ಅವರು ಕೆಟ್ಟ ಮನಸ್ಸಿನಿಂದ ಕೇಳಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳಿದರು. ನನಗೂ ತಿಳಿದಿರಲಿಲ್ಲ. ಮರುದಿನ ಬೋಳಿಸಿಕೊಂಡು ಹೋದೆ.

ಅವನ ತಂದೆಯದು ಸೈಕಲ್ ಅಂಗಡಿ. ಸಾಲೆ ಬಿಟ್ಟ ಮೇಲೆ ಅವನೂ ಅಲ್ಲಿಯೇ ಕೆಲಸಕ್ಕೆ ಕುಳಿತ. ಸಂಪಗಾಂವದ ಹತ್ತಿರ ಒಂದು ತೋಟದ ಬಾವಿಯಲ್ಲಿ, ಬೆನ್ನಿಗೆ ಎಣ್ಣೆಯ ಖಾಲಿ ಡಬ್ಬಿ ಕಟ್ಟಿಕೊಂಡು ನಾವಿಬ್ಬರೂ ಒಟ್ಟಿಗೆ ಈಜು ಕಲಿತಿದ್ದೆವು. ನನಗಿಂತ ಮೊದಲು ಅವನು ಡಬ್ಬಿ ಬಿಚ್ಚಿದ. ಎಲ್ಲದರಲ್ಲೂ ಹಾಗೆಯೇ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಒಂದು ಸಂಜೆ ನಾನು ಅಂಗಡಿಗೆ ಹೋದಾಗ ಅವನು ಬೆಳಗಾವಿಯಿಂದ ಬಂದ ಬೇರಿಂಗಿನ ಪೊಟ್ಟಣ ಬಿಚ್ಚಿ, ಸುತ್ತಿದ್ದ ಪೇಪರನ್ನು ಮೊಣಕಾಲಿನ ಮೇಲೆ ಹಾಸಿಕೊಂಡು ನೋಡುತ್ತಿದ್ದ. ಅದರಲ್ಲಿ ಒಂದು ಫೋಟೋ. ಪರದೇಶದ ಮಂದಿ ನೀರಿನಿಂದೆದ್ದು ಸೈಕಲ್ಲಿನ ಕಡೆಗೆ ಓಡುತ್ತಿದ್ದರು.

"ಈಸೂದು, ಸೈಕಲ್ ಹೊಡಿಯೂದು, ಓಡೂದು. ಇಷ್ಟ ನೋಡು. ಇದಕ್ಕೊಂದು ಹೆಸರಿಟ್ಟಾರ, ಟ್ರಯಥ್ಲಾನ್ ಅಂತ."

"ಇಟ್ಕೊಳ್ಳಿ ಬಿಡು."

"ಅಲ್ಲೋ ದೋಸ್ತಾ, ಮೂರೂ ನಮಗ ಬರ್ತಾವ. ನಮಗ ಯಾರೂ ಹೆಸರಿಡಲಿಲ್ಲಲ್ಲ!"

ಎಷ್ಟು ದೂರ ಈಜಬೇಕು, ಎಷ್ಟು ದೂರ ಓಡಬೇಕು ಎನ್ನುವುದು ಪೇಪರಿನ ಹರಿದುಹೋದ ಭಾಗದಲ್ಲಿತ್ತು. ಹಾಗಾಗಿ ಅದನ್ನು ಅವನೇ ಗೊತ್ತುಮಾಡಿದ. ಸವದತ್ತಿಯ ಹತ್ತಿರ ಮಲಪ್ರಭೆಯ ಹಿನ್ನೀರಿನಲ್ಲಿ, ದಂಡೆಯ ಮೇಲಿನ ಒಂದು ಜಾಲಿ ಗಿಡದಿಂದ ಎದುರಿನ ನಡುಗಡ್ಡೆಯವರೆಗೆ ಈಜಿ ವಾಪಸು ಬರಬೇಕು. ಅಲ್ಲಿಂದ ಸೈಕಲ್ ಮೇಲೆ ರಾಮದುರ್ಗ ಮುಟ್ಟಿ, ತಿರುಗಿ ಸಿರಸಂಗಿಯವರೆಗೆ. ಸಿರಸಂಗಿಯಲ್ಲಿ ಸೈಕಲ್ ಬಿಟ್ಟು, ಅದೇ ಜಾಲಿ ಗಿಡದವರೆಗೆ ಓಟ. ಒಂದೇ ಒಂದು ನಿಯಮ ಇಟ್ಟ. "ಬೇಕಾರ ನಿಂದ್ರು, ನೀರ ಕುಡಿ. ಆದ್ರ ನಡೀಬಾರ್ದು. ನಡದ್ರ ಮುಗೀತು."

ಆ ಚಳಿಗಾಲ ಇಬ್ಬರೂ ಹೊರಟೆವು. ಈಜಿದೆವು, ರಾಮದುರ್ಗ ಮುಟ್ಟಿ ಬಂದೆವು. ಸಿರಸಂಗಿಯಲ್ಲಿ ಹಿಟ್ಟಿನ ಗಿರಣಿಯ ಗೋಡೆಗೆ ಸೈಕಲ್ ಆನಿಸಿ, ನಾನು ಕಟ್ಟೆಯ ಮೇಲೆ ಕುಳಿತವನು ಏಳಲಿಲ್ಲ.

"ನನ್ನ ಕಡೆ ಆಗಂಗಿಲ್ಲೋ."

"ಕುಂದ್ರು ಹಂಗಾರ. ನಾ ಮುಗಿಸಿ ಬಸ್ಸಿಗೆ ಬರ್ತೇನಿ."

ಅವನು ಓಡಿಹೋದ. ದಾರಿ ತಿರುಗುವವರೆಗೂ ಅವನ ಬೆನ್ನು ಕಾಣಿಸಿತು. ನಾನು ಗಿರಣಿಯವರ ಕೊಡದಿಂದ ನೀರು ಕುಡಿದು ಗೋಡೆಗೆ ಒರಗಿದೆ. ತಾಸು ಆಗಿರಬಹುದು, ಅವನು ಅದೇ ತಿರುವಿನಿಂದ ನಡೆಯುತ್ತ ಬಂದ.

"ಯಾಕೋ?"

"ಒಬ್ಬನ ಓಡಾಕ ಬ್ಯಾಸರಾತು. ಬರೂ ವರ್ಷ ಇಬ್ರೂ ಓಡೂಣು. ಚಾ ಕುಡಸು."

ಚಹಾ ಕುಡಿಸಿದೆ. ಮುಂದಿನ ವರ್ಷ ಅವನ ಮದುವೆ. ಅದರ ಮುಂದಿನ ವರ್ಷ ನಮ್ಮ ತಂದೆಗೆ ಆರಾಮಿರಲಿಲ್ಲ. ಆಮೇಲಿನ ಚಳಿಗಾಲಗಳಿಗೆ ಕಾರಣವೂ ಬೇಕಾಗಲಿಲ್ಲ. ಅವನು "ಈ ಸಲ?" ಎನ್ನುತ್ತಿದ್ದ, ನಾನು "ಬರೂ ಸಲ" ಎನ್ನುತ್ತಿದ್ದೆ. ಹೀಗೆ ಏಳು ವರ್ಷ. ಏಳನೆಯ ವರ್ಷದ ಮಳೆಗಾಲದಲ್ಲಿ ಅವನಿಗೆ ಕಾಮಾಲೆಯಾಯಿತು. ಮೊದಲು ಕಣ್ಣು ಹಳದಿಯಾದವು, ನಂತರ ಉಗುರು. ಎರಡು ವಾರ ತುಂಬಲಿಲ್ಲ.

ಮಣ್ಣು ಕೊಟ್ಟು ಬಂದ ಮೇಲೆ ನನ್ನ ತಲೆಯಲ್ಲಿ ಉಳಿದದ್ದು ಆ ತಿರುವು. ಅವನಿಗೆ ನಿಜವಾಗಿ ಬೇಸರ ಬಂದಿತ್ತೆ? ಅವನೂ ದಣಿದು, ಅದನ್ನು ಹೇಳಲಿಲ್ಲವೆ? ಅಥವಾ ನಾನು ಒಬ್ಬನೇ ಕುಳಿತಿದ್ದೇನೆಂದು ತಿರುಗಿ ಬಂದನೆ? ಅಂದು ಕೇಳಲಿಲ್ಲ. ಆಮೇಲೆ ಕೇಳಿದರೆ ಸಣ್ಣ ಮಾತು ಎನ್ನಿಸಿತು. ಈಗ ಕೇಳಲು ಅವನಿಲ್ಲ. ಅವನು ಹೇಳಿದಂತೆ, ನಡೆಯದೆ, ಕೊನೆಯವರೆಗೆ ನಾನು ಓಡಿದರೆ, ಅವನು ತಿರುಗಿದ ಜಾಗದಲ್ಲಿ ನನ್ನ ಕಾಲು ಹೇಗಿರುತ್ತವೆ ಎಂಬುದರಿಂದ ಅದು ತಿಳಿದೀತು ಎಂದುಕೊಂಡೆ. ಯಾರಿಗೂ ಹೇಳಲಿಲ್ಲ. ದೀಪಾವಳಿಯ ನಂತರ ದಿನಾ ಮುಂಜಾನೆ ನೇಸರಗಿಯ ರಸ್ತೆಯಲ್ಲಿ ಓಡತೊಡಗಿದೆ. ವೈದ್ಯರು ಸಕ್ಕರೆ ಕಾಯಿಲೆ ಎಂದಿದ್ದಾರೆಂದು ಓಣಿಯವರು ತಿಳಿದುಕೊಂಡರು.

ಸೈಕಲ್ ಅವನದೇ ಬೇಕಿತ್ತು. ಕರಿಯದು, ಮಡ್‌ಗಾರ್ಡ್ ಬಿಚ್ಚಿಟ್ಟದ್ದು. ಅವನ ತಂದೆಯನ್ನು ನಾನು ಚಾಚಾ ಎನ್ನುತ್ತಿದ್ದೆ. ಕೇಳಿದಾಗ ಅವರು ಗೋಡೆಯ ಮೊಳೆಯಿಂದ ಸೈಕಲ್ ಇಳಿಸಿದರು.

"ಎಲ್ಲಿಗಿ?"

"ರಾಮದುರ್ಗಕ್ಕ ಹೋಗಿ ಬರ್ತೇನ್ರಿ ಚಾಚಾ."

ಅವರು ಗಾಳಿ ನೋಡಿದರು, ಚೈನಿಗೆ ಎಣ್ಣೆ ಬಿಟ್ಟರು. ಆಮೇಲೆ ಪಾನಾ ಹಿಡಿದು ಸೀಟಿನ ನಟ್ಟಿಗೆ ಹಚ್ಚಿ, ಹಾಗೇ ನಿಂತರು. ಅವನು ನನಗಿಂತ ಗೇಣುದ್ದ ಎತ್ತರ.

"ಇಳಸ್ಲೇನು?"

"ಬ್ಯಾಡ್ರಿ."

ಪಾನಾ ತೆಗೆದರು. ಸೈಕಲ್ ಒರೆಸುವ ಒಂದು ಹೊಸ ಹಳದಿ ಅರಿವೆಯನ್ನು ಹ್ಯಾಂಡಲ್ಲಿಗೆ ಕಟ್ಟಿ, "ಬೆವರ ಬರ್ತಾವ" ಎಂದಷ್ಟೇ ಅಂದು ಒಳಗೆ ಹೋದರು.

ಎಲ್ಲವ್ವನ ಜಾತ್ರೆಯ ಬನದ ಹುಣ್ಣಿಮೆಗೆ ಇನ್ನೂ ನಾಲ್ಕು ದಿನವಿತ್ತು. ಮೊದಲ ಬಸ್ಸಿನ ಮೇಲೆ ಸೈಕಲ್ ಹಾಕಿಕೊಂಡು ಸವದತ್ತಿಗೆ ಹೋದೆ. ಜಾಲಿ ಗಿಡ ಇತ್ತು. ಚೀಲವನ್ನು ಅದರ ಟೊಂಗೆಗೆ ಸಿಕ್ಕಿಸಿ ನೀರಿಗಿಳಿದೆ. ಚಳಿಗೆ ಉಸಿರು ಹಿಡಿದಂತಾಯಿತು. ನಡುಗಡ್ಡೆ ಮುಟ್ಟಿ ಹೊರಳಿದಾಗ ಬಲೆ ಎಳೆಯುತ್ತಿದ್ದ ಒಬ್ಬ ಹರಗೋಲಿನಿಂದ ಕೂಗಿದ.

"ತಮ್ಮಾ, ಏನ ಬಿದ್ದೈತಿ ನೀರಾಗ?"

"ಏನೂ ಬಿದ್ದಿಲ್ರಿ!"

"ಮತ್ತ ಏನ ಹುಡಕಾಕತ್ತೀ?"

ಬಾಯಲ್ಲಿ ನೀರು ಹೋಗಿ, ಕೆಮ್ಮುತ್ತ ದಂಡೆಯ ಕಡೆ ಈಜಿದೆ.

ಸೀಟು ಎತ್ತರವಾಗಿ, ಪೆಡಲ್ ಕೆಳಗೆ ಹೋದಾಗಲೆಲ್ಲ ಬೆರಳ ತುದಿಯಷ್ಟೇ ತಾಗುತ್ತಿತ್ತು. ರಾಮದುರ್ಗ ಮುಟ್ಟುವಷ್ಟರಲ್ಲಿ ತೊಡೆ ಸುಲಿದಿತ್ತು. ಬಸ್ ಸ್ಟ್ಯಾಂಡಿನಲ್ಲಿ ನಿಂತುಕೊಂಡೇ ಎರಡು ಬಾಳೆಹಣ್ಣು ತಿಂದು ತಿರುಗಿದೆ. ಹಸಿಯಾದ ಕ್ಯಾನ್ವಾಸ್ ಬೂಟು ಹಿಮ್ಮಡಿ ಕಚ್ಚಿದ್ದರಿಂದ ಸಿರಸಂಗಿಯಲ್ಲಿ ಅವನ್ನು ಬಿಚ್ಚಿ ಹ್ಯಾಂಡಲ್ಲಿಗೆ ತೂಗುಹಾಕಿದೆ. ಗಿರಣಿ ಅದೇ, ಕಟ್ಟೆಗೆ ಮಾತ್ರ ಹೊಸ ಸಿಮೆಂಟು. ಕೂಡಬಾರದೆಂದು ಅದರ ಕಡೆ ನೋಡದೆ ಗಿರಣಿಯವರಿಗೆ, "ಸಂಜಿಕ ಬಂದ ಒಯ್ತೇನ್ರಿ" ಎಂದೆ. ಬಿಸಿಲು ಏರಿತ್ತು. ಹಳದಿ ಅರಿವೆಯನ್ನು ಬಿಚ್ಚಿ ತಲೆಗೆ ಕಟ್ಟಿಕೊಂಡು, ಬರಿಗಾಲಲ್ಲಿ ಓಡತೊಡಗಿದೆ.

ತಿರುವು ದಾಟಿದೆ. ಅವನು ಎಲ್ಲಿಂದ ತಿರುಗಿರಬಹುದು ಎಂದು ಅಂದಾಜು ಹಾಕಿದ್ದೆ. ಹೋಗಿಬರಲು ತಾಸು ಎಂದರೆ, ಅವನ ಓಟದಲ್ಲಿ ಇಪ್ಪತ್ತು ನಿಮಿಷದ ದೂರ. ನನಗೆ ಅರ್ಧ ತಾಸು ಬೇಕಾದೀತು. ಕೈಗಡಿಯಾರ ನೋಡುತ್ತ ಓಡುತ್ತಿದ್ದೆ. ಎಲ್ಲವ್ವನ ಗುಡ್ಡಕ್ಕೆ ಹೊರಟ ಚಕ್ಕಡಿಗಳು ದಾರಿಯ ತುಂಬ. ಒಂದು ಚಕ್ಕಡಿಯವರು ನನ್ನನ್ನು ಕಂಡು "ಉಧೋ ಉಧೋ" ಎಂದು ಕೂಗಿದರು. ಎಲ್ಲವ್ವನ ಜಯಕಾರ, ಗುಡ್ಡದ ಕಡೆಗೆ ಕೂಗುತ್ತಿದ್ದಾರೆಂದು ತಿಳಿದೆ. ಎರಡನೆಯ ಚಕ್ಕಡಿಯವರೂ ಕೂಗಿ ಕೈಮುಗಿದಾಗ ಏನೂ ಅರ್ಥವಾಗದೆ ನಾನೂ ಕೈಮುಗಿದೆ.

ರಸ್ತೆಗೆ ಹತ್ತಿದ ಒಂದು ಸಣ್ಣ ಊರಿನಲ್ಲಿ ಒಬ್ಬ ಮುದುಕಿ ಕೊಡ ಹಿಡಿದು ಅಡ್ಡ ನಿಂತಿದ್ದಳು. ದಾಟಿ ಹೋಗಬೇಕೆನ್ನುವಷ್ಟರಲ್ಲಿ ನನ್ನ ಪಾದದ ಮೇಲೆ ತಣ್ಣೀರು ಬಿತ್ತು. ಹರಕೆ ಹೊತ್ತು ಬರಿಗಾಲಲ್ಲಿ ಗುಡ್ಡಕ್ಕೆ ಹೋಗುವವರಿಗೆ ನಮ್ಮ ಕಡೆ ಹೀಗೆ ಕಾಲಿಗೆ ನೀರು ಹಾಕುತ್ತಾರೆ. ಬರಿಗಾಲು, ತಲೆಗೆ ಹಳದಿ ಅರಿವೆ. ಆಗ ನನಗೆ ಹೊಳೆಯಿತು. ಅವಳು ಬಗ್ಗಿ ನನ್ನ ಕಾಲು ಮುಟ್ಟಿಬಿಟ್ಟಿದ್ದಳು.

"ಯಾರ ಸಲುವಾಗಿ ಬೇಡ್ಕೊಂಡೀಯೋ ಯಪ್ಪಾ?"

ಇದು ಹರಕೆಯಲ್ಲ ಎನ್ನಬೇಕಿತ್ತು. ಹಾಗಾದರೆ ಏನು ಎಂದು ಕೇಳುತ್ತಿದ್ದಳು.

"ಗೆಳ್ಯಾನ ಸಲುವಾಗಿ, ಆಯಿ."

"ಏನಾಗೈತಿ ಅವಂಗ?"

"ಕಾಮಾಲಿ."

"ಕಾಮಾಲಿಗಿ ಬರೇ ಓಡಿದ್ರ ಹೆಂಗೋ ಹುಚ್ಚಪ್ಪಾ! ಓಡು, ಬ್ಯಾಡ ಅನ್ನಂಗಿಲ್ಲ. ಔಷಧಾನೂ ಆಗಬೇಕಲ್ಲ? ನಮ್ಮ ಮಾವನ ಕಾಲದಿಂದ ನಮ್ಮ ಮನ್ಯಾಗ ಕೊಡ್ತೀವಿ. ಆಯಿತವಾರ ಮುಂಜಾನೆ ಕರ್ಕೊಂಡ ಬಾ. ಹೊಟ್ಟಿ ಖಾಲಿ ಇರಬೇಕು ನೋಡು, ಚಾನೂ ಕುಡೀಬಾರ್ದು."

"ಕರ್ಕೊಂಡ ಬರ್ತೇನಿ."

ಅವಳು ಸೆರಗಿನ ಗಂಟು ಬಿಚ್ಚಿ ನನ್ನ ಹಣೆಗೆ ಭಂಡಾರದ ಅರಿಶಿನ ಹಚ್ಚಿದಳು. ನಾನು ಮತ್ತೆ ಓಡಿದೆ. ನಿಂತಿದ್ದೆ ಅಷ್ಟೆ, ನಡೆದಿರಲಿಲ್ಲ.

ಆಮೇಲಿನದನ್ನು ಹೇಗೆ ಬರೆಯಬೇಕೋ ತಿಳಿಯದು. ನಾನು ಭಾನುವಾರದ ವಿಚಾರ ಮಾಡುತ್ತ ಓಡುತ್ತಿದ್ದೆ. ಅವನು ಚಹಾ ಇಲ್ಲದೆ ಎದ್ದು ಹೊರಡುವವನಲ್ಲ, ಹೇಗೆ ಎಬ್ಬಿಸಲಿ? ನಿಶ್ಶಕ್ತಿ ಇದ್ದರೆ ಕ್ಯಾರಿಯರ್ ಮೇಲೆ ಕೂಡುತ್ತಾನೆಯೆ, ಬಸ್ಸಿಗೆ ಕರೆತರಲೆ? ಚಾಚಾ ಇಂಥ ಔಷಧಕ್ಕೆ ಒಪ್ಪುತ್ತಾರೋ ಇಲ್ಲವೋ? ಅಷ್ಟು ದೂರ ಅವನು ಸತ್ತಿರಲಿಲ್ಲ, ಬರೀ ಆರಾಮಿಲ್ಲದವನಾಗಿದ್ದ. ಕಾಲು ಉರಿಯುತ್ತಿದ್ದವು, ಆದರೆ ಅವು ಬೇರೆ ಯಾರದೋ ಕಾಲು ಎನ್ನುವಂತೆ ಇದ್ದವು. ಇಳಿಜಾರಿನ ಕೆಳಗೆ ನೀರು ಬೆಳ್ಳಗೆ ಹೊಳೆದಾಗ ಒಮ್ಮೆಲೆ ನೆನಪಾಯಿತು, ಗಡಿಯಾರ ನೋಡುವುದನ್ನು ಯಾವಾಗಲೋ ಮರೆತಿದ್ದೆ. ಅವನು ತಿರುಗಿದ ಜಾಗ ಎಲ್ಲೋ ಹಿಂದೆ ಹೋಗಿತ್ತು. ಯಾವುದನ್ನು ತಿಳಿಯಲು ಹೊರಟಿದ್ದೆನೋ ಅದನ್ನು ನೋಡದೆ ದಾಟಿದ್ದೆ.

ಜಾಲಿ ಗಿಡ ಮುಟ್ಟಿದೆ. ಅಲ್ಲಿ ಯಾರೂ ಇರಲಿಲ್ಲ. ಚೀಲಕ್ಕೆ ಇರುವೆ ಹತ್ತಿತ್ತು. ಮುಗಿಯಿತೆ ಎಂದು ಕೇಳಲು ಯಾರನ್ನೋ ಹುಡುಕುವವನಂತೆ ಆಕಡೆ ಈಕಡೆ ನೋಡಿದೆ. ನಡೆಯಲು ಹೆದರಿಕೆಯಾಗಿ ಸುಮಾರು ಹೊತ್ತು ಗಿಡ ಹಿಡಿದುಕೊಂಡೇ ನಿಂತಿದ್ದೆ. ಈಜು, ಸೈಕಲ್, ಓಟ, ಮೂರೂ ಆಗಿದ್ದವು. ಸಂತೋಷ ಬರಲಿಲ್ಲ, ಅಳುವೂ ಬರಲಿಲ್ಲ. ಹಸಿವಾಗಿತ್ತು. ಸಂಜೆ ಬಸ್ಸಿಗೆ ಸಿರಸಂಗಿಗೆ ಹೋಗಿ ಸೈಕಲ್ ತಂದೆ.

ಭಾನುವಾರ ನಸುಕಿನಲ್ಲೇ ಎದ್ದೆ. ಹೋಗದಿದ್ದರೆ ಆಗುತ್ತಿತ್ತು, ಆ ಮುದುಕಿಗೆ ನನ್ನ ಊರೂ ಗೊತ್ತಿರಲಿಲ್ಲ. ಆದರೂ ಚಹಾ ಕುಡಿಯದೆ ಮೊದಲ ಬಸ್ಸು ಹತ್ತಿದೆ. ಅವಳ ಊರಿನಲ್ಲಿ ಇಳಿದು, ಕಾಮಾಲೆಯ ಔಷಧ ಕೊಡುವ ಮನೆ ಯಾವುದೆಂದು ಕೇಳಿ ಹೋದೆ. ಅವಳು ಅಂಗಳದಲ್ಲಿ ಕುಳಿತು ಸಣ್ಣ ಕಲ್ಲಿನ ಮೇಲೆ ಏನೋ ಸೊಪ್ಪು ಅರೆಯುತ್ತಿದ್ದಳು. ನನ್ನ ಹಿಂದೆ ಬಾಗಿಲ ಕಡೆ ನೋಡಿದಳು.

"ಎಲ್ಲಿ ಅದಾನ?"

"ಅವ ಹೋಗಿ ಐದು ತಿಂಗಳಾತು, ಆಯಿ."

ಅವಳ ಕೈ ನಿಂತಿತು. ಬೈಯುತ್ತಾಳೆಂದು ಕಾದೆ.

"ಮತ್ತ ಅವತ್ತ ಯಾಕ ಓಡಾಕತ್ತಿದ್ದಿ?"

ಆಗ ಎಲ್ಲ ಹೇಳಿದೆ. ಬೇರಿಂಗಿನ ಪೇಪರು, ಗಿರಣಿಯ ಕಟ್ಟೆ, ಅವನು ತಿರುವಿನಿಂದ ನಡೆದು ಬಂದದ್ದು, ಬೇಸರವಾಯಿತು ಎಂದದ್ದು. ಅವನು ಯಾಕೆ ತಿರುಗಿ ಬಂದ ಎನ್ನುವುದೇ ತಿಳಿಯುತ್ತಿಲ್ಲ ಎಂದೆ. ಒಬ್ಬರಿಗೆ ಇದನ್ನು ಹೇಳಿದ್ದು ಅದೇ ಮೊದಲು. ಅವಳು ಕೇಳಿಸಿಕೊಂಡಳೋ ಇಲ್ಲವೋ, ಅರೆದ ಸೊಪ್ಪನ್ನು ಅಂಗೈಯಿಂದ ಬಳಿದು ತುಳಸಿಯ ಪಕ್ಕದ ಗಿಡದ ಬುಡಕ್ಕೆ ಹಾಕಿದಳು.

"ಚಾ ಕುಡದೀಯೇನು?"

"ಇಲ್ಲ."

"ರೋಗಾ ಬಂದಾಂವ ಉಪಾಸ ಬರಬೇಕಿತ್ತು. ನೀ ಯಾಕ ಉಪಾಸ ಬಂದಿ?"

ನಾನು ವಿಚಾರ ಮಾಡಿದೆ. ನಿಜವಾಗಿಯೂ ಮಾಡಿದೆ.

"ಗೊತ್ತಿಲ್ಲ, ಆಯಿ."

"ಅವಂಗೂ ಗೊತ್ತಿರಲಿಕ್ಕಿಲ್ಲ," ಎಂದು ಅವಳು ಮೊಣಕಾಲಿಗೆ ಕೈಕೊಟ್ಟು ಎದ್ದಳು. "ಕೈ ತೊಳ್ಕೊ. ಉಣ್ಣು."

ರೊಟ್ಟಿ ಬಿಸಿ ಇತ್ತು, ಜೊತೆಗೆ ಕಡಲೆ ಹಿಟ್ಟಿನ ಜುಣಕ. ಎರಡು ತಿಂದೆ. ಸಾಕು ಎನ್ನುವಷ್ಟರಲ್ಲಿ ಮೂರನೆಯದನ್ನೂ ಹಾಕಿಬಿಟ್ಟಳು.