ಕೂಸುಬಟ್ಟೆ ಸವರುವ ಅಂಗೈ

ಬೆಳಕು ಹರಿಯುವ ಹೊತ್ತಿಗೇ ಆಸ್ಪತ್ರೆಯ ಹಿಂಭಾಗದ ಬಟ್ಟೆ ಒಗೆಯುವ ಕೋಣೆಯಲ್ಲಿ ಹಬೆ ತುಂಬಿಕೊಂಡಿದೆ. ಉದ್ದನೆಯ ಮೇಜಿನ ಮುಂದೆ ನಿಂತ ಹೆಂಗಸು ಒಗೆದು ಒಣಗಿಸಿದ ಪುಟ್ಟ ಬಟ್ಟೆಯೊಂದನ್ನು ಹರಡಿ, ಕಣ್ಣು ಮುಚ್ಚಿ, ಅಂಗೈಯಿಂದ ಸವರುತ್ತಾರೆ. ಮಗುಚಿ ಹಾಕಿ ಇನ್ನೊಂದು ಸಲ. ಹೆರಿಗೆ ವಾರ್ಡಿನ ಕೂಸುಗಳನ್ನು ಸುತ್ತುವ ಬಟ್ಟೆಗಳಿವು. ಮಡಿಕೆಯಲ್ಲಿ ಪಿನ್ನು ಉಳಿದಿದ್ದರೆ ಸಿಗಬೇಕಾದದ್ದು ಇಲ್ಲೇ, ಈ ಅಂಗೈಗೇ. ಕಣ್ಣು ಮುಚ್ಚುವುದೇಕೆಂದು ಕೇಳುತ್ತೇನೆ.

"ಕಣ್ಣು ಬಿಟ್ರೆ ಮಾತಿಗೆ ನಿಂತ್ಬಿಡ್ತೀನಿ ಸಾರ್. ಮಾತಿಗೆ ನಿಂತ್ರೆ ಕೆಲ್ಸ ಕೆಟ್ಟಿತು ಅಂತ್ಲೇ ಲೆಕ್ಕ."

ನರ್ಸುಗಳಿಗೆಲ್ಲ ಇವರು 'ಅಂಗೈ ಅಕ್ಕ'. ಹತ್ತೊಂಬತ್ತು ವರ್ಷಗಳಿಂದ ದಿನಕ್ಕೆ ನಾನೂರರಷ್ಟು ಬಟ್ಟೆ. ಕಲೆಯಾದದ್ದನ್ನು ಕೈಯಲ್ಲೇ ಉಜ್ಜಿ ಹಿಂಡುವುದೂ ಇವರದೇ ಪಾಲು. ಕೂಸನ್ನೆತ್ತಿಕೊಂಡು ಮನೆಗೆ ಹೋಗುವ ಯಾವ ತಾಯಿಯೂ ಇವರ ಮುಖ ಕಂಡಿಲ್ಲ.

ಹೋದ ವರ್ಷ ಕಾಟ ಶುರುವಾಯಿತು. ಮಲಗಿದರೆ ಸಾಕು, ಎರಡೂ ಕೈ ಜೋಮು. ಬೆರಳುಗಳಲ್ಲಿ ಇರುವೆ ಹರಿದಂತೆ. ಎದ್ದು ಒದರಿದರೆ ಇಳಿಯುತ್ತಿತ್ತು. ಬರಬರುತ್ತ ಹಗಲಿನಲ್ಲೂ ಬೆರಳ ತುದಿ ಮರಗಟ್ಟತೊಡಗಿತು. ಇದೆಲ್ಲ ಬ್ಲೀಚಿನ ಕಿತಾಪತಿ ಎಂದುಕೊಂಡ ಅಕ್ಕ, ಉಜ್ಜುವಾಗ ತೊಡುವ ಗ್ಲೌಸಿನೊಳಗೆ ಹನಿ ನೀರೂ ನುಗ್ಗದಂತೆ ಮಣಿಕಟ್ಟಿಗೆ ರಬ್ಬರ್‌ಬ್ಯಾಂಡ್ ಬಿಗಿದರು. ಜೋಮು ಹೆಚ್ಚಾಯಿತು. ಇನ್ನೊಂದು ಬಿಗಿದರು!

ಒಂದು ದಿನ ನರ್ಸಮ್ಮ, ಅಕ್ಕ ಸವರಿ ಕಳಿಸಿದ ಬಟ್ಟೆಯಲ್ಲಿ ಸಿಕ್ಕ ಪಿನ್ನೊಂದನ್ನು ತಂದು ತೋರಿಸಿದರು. ಪುಣ್ಯಕ್ಕೆ, ಕೂಸಿಗೆ ಸುತ್ತುವ ಮೊದಲೇ ಕಣ್ಣಿಗೆ ಬಿದ್ದಿತ್ತು. ಅಂದು ಅಕ್ಕನಿಗೆ ಊಟ ಸೇರಲಿಲ್ಲ. ಯಾರೂ ಕೇಳುವ ಮೊದಲೇ ಮೇಲ್ವಿಚಾರಕರ ಬಳಿ ಹೋದರು.

"ಸಾರ್, ಇನ್ಮೇಲೆ ನನ್ನ ಕೈನ ನಂಬ್ಬೇಡಿ. ಬೇರೆಯವ್ರನ್ನ ನಿಲ್ಸಿ."

ಹೊಟ್ಟೆಪಾಡಿನ ಕೆಲಸದ ಬಗ್ಗೆ ಹೀಗೆ ಹೇಳಲು ಎಂಥ ಎದೆಗಾರಿಕೆ ಬೇಕು!

ಅದೇ ಆಸ್ಪತ್ರೆಯ ಡಾಕ್ಟರಮ್ಮ ಸಕ್ಕರೆ ಕಾಯಿಲೆ, ಥೈರಾಯ್ಡ್, ವಿಟಮಿನ್ ಕೊರತೆ, ಕುತ್ತಿಗೆಯ ನರ ಎಲ್ಲವನ್ನೂ ಜಾಲಾಡಿದರು. ಯಾವುದೂ ಅಲ್ಲ. ಕೊನೆಗೆ, "ಮಲಗುವಾಗ ಕೈ ಹೇಗಿಟ್ಕೋತೀರಿ?" ಎಂದರು. ಉತ್ತರ ಕೊಟ್ಟದ್ದು ಜೊತೆಗೆ ಬಂದಿದ್ದ ಗಂಡ.

"ಇವಳು ನಿದ್ದೇಲೂ ಬಟ್ಟೆ ಮಡಚ್ತಾಳೆ ಡಾಕ್ಟ್ರೇ. ಎರಡೂ ಮಣಿಕಟ್ಟು ಒಳಕ್ಕೆ ಮಡಚಿ ಗಲ್ಲದ ಕೆಳಗಿಟ್ಕೋತಾಳೆ."

ವರ್ಷಗಟ್ಟಲೆ ಹಿಂಡಿ ಹಿಂಡಿ ಮಣಿಕಟ್ಟಿನ ನರ ಅಮುಕಿಹೋಗಿತ್ತು. ಮಡಚಿಟ್ಟ ಕೈ ಅದನ್ನು ಇನ್ನಷ್ಟು ಒತ್ತುತ್ತಿತ್ತು. ರಬ್ಬರ್‌ಬ್ಯಾಂಡಿನ ಕತೆ ಕೇಳಿ ಡಾಕ್ಟರಮ್ಮ ಹಣೆ ಚಚ್ಚಿಕೊಂಡರಂತೆ.

ಈಗ ಹಿಂಡುವ ಕೆಲಸ ಬೇರೆಯವರಿಗೆ. ಮಣಿಕಟ್ಟು ನೆಟ್ಟಗಿರಲೆಂದು ಮಲಗುವ ಮುನ್ನ ಗಂಡ ಎರಡೂ ಕೈಗೆ ಪಟ್ಟಿ ಕಟ್ಟುತ್ತಾರೆ. "ಮದ್ವೇಲೂ ಇಷ್ಟು ನಾಜೂಕಾಗಿ ಕೈ ಹಿಡ್ದಿರ್ಲಿಲ್ಲ ಮಹರಾಯ," ಎಂದು ಅಕ್ಕ ಕೀಟಲೆ ಮಾಡುತ್ತಾರೆ.

ತಿಂಗಳುಗಳ ನಂತರ ಇವತ್ತೇ ಮತ್ತೆ ಮೇಜಿಗೆ ಬಂದಿದ್ದಾರೆ. ಡಾಕ್ಟರಮ್ಮ ಒಪ್ಪಿದ್ದರೂ ಅಕ್ಕನಿಗೆ ಧೈರ್ಯ ಸಾಲದು. ತಾವು ಸವರಿದ ಪ್ರತಿ ಬಟ್ಟೆಯನ್ನೂ ಪಕ್ಕದಾಕೆಯಿಂದ ಮತ್ತೊಮ್ಮೆ ಸವರಿಸುತ್ತಿದ್ದಾರೆ. ಪಾಪ, ಅವರ ಹಣೆಯ ಬೆವರು ನೋಡಿದರೆ ನನಗೇ ಸಂಕಟ.

ನಾನು ಹೊರಡಲು ಏಳುವಾಗ ಅಂಗೈ ಗಕ್ಕನೆ ನಿಲ್ಲುತ್ತದೆ. ಅಕ್ಕ ಮಡಿಕೆಯೊಳಗಿಂದ ಪಿನ್ನೊಂದನ್ನು ಎಳೆಯುತ್ತಾರೆ. ಬೆರಳ ತುದಿಯಲ್ಲಿ ಒಂದು ಹನಿ ರಕ್ತ. ಗಾಬರಿಬಿದ್ದು ಹತ್ತಿ ಹುಡುಕುತ್ತೇನೆ. ಅವರು ಕಣ್ತುಂಬಿಕೊಂಡು ನಗುತ್ತಿದ್ದಾರೆ.

"ಹತ್ತಿ ಇರ್ಲಿ, ಫೋನ್ ಕೊಡಿ ಸಾರ್. ನಮ್ಮನೆಯವ್ರಿಗೆ ಹೇಳ್ಬೇಕು, ನೋವಾಯ್ತು ಅಂತ."